ಬಾಡಿಗೆಗಲ್ಲ

ನಾರಾಹೇನ್‌ಪಿಟದ ಕಚೇರಿ, ಮೂರನೇ ಕಿಟಕಿ.
ಗುಮಾಸ್ತ ಕನ್ನಡಕ ಮೇಲೇರಿಸಿ ಕೇಳಿದ:
‘ಬಾಡಿಗೆಗಾ?’
ಅಲ್ಲ, ಸ್ವಂತಕ್ಕೆ.
‘ತ್ರೀವೀಲರು... ಸ್ವಂತಕ್ಕೆ?’
ಹೌದು ಮಾರಾಯ, ಕಾರು ಕೊಳ್ಳುವಷ್ಟು ದುಡ್ಡಿಲ್ಲ,
ಬಸ್ಸಿನ ಮೆಟ್ಟಿಲಿಗೆ ಅಣ್ಣನ ಮೊಣಕಾಲು ಏಳುವುದಿಲ್ಲ.

ಮೀಟರು ಕಿತ್ತ ಜಾಗದಲ್ಲಿ ನಾಲ್ಕು ತೂತು.
ಒಂದಕ್ಕೆ ಊದುಬತ್ತಿ ಸಿಕ್ಕಿಸಿದ್ದೇನೆ.

ಮೂವತ್ತೊಂದು ವರ್ಷ ಇನ್ನೊಬ್ಬರ ಗಾಡಿ ಓಡಿಸಿದವನು
ಸೋಮಪಾಲ, ನನ್ನಣ್ಣ.
ದಿನದ ಲೆಕ್ಕ ಒಡೆಯನಿಗೆ,
ಮಿಕ್ಕಿದ ಚಿಲ್ಲರೆ ನಮ್ಮ ಗಂಜಿಗೆ.
ಈಗ ಎಡಗೈ ಅವನ ಮಾತೇ ಕೇಳುವುದಿಲ್ಲ.
ಪುಸ್ತಕದಲ್ಲಿ ಒಡತಿಯ ಹೆಸರು ನನ್ನದು.
ಕಾಗುಣಿತ ತಪ್ಪಿದೆ; ತಿದ್ದಿಸಲು
ಮತ್ತೆ ಮಂಗಳವಾರ ಬರಬೇಕಂತೆ.

ಬೊರೆಲ್ಲದ ತಿರುವಿನಲ್ಲಿ ಯಾರೋ ಹೆಂಗಸು,
ಸೊಂಟದ ಮೇಲೆ ಅರ್ಧ ಹಲಸಿನ ಹಣ್ಣು,
ಕೈ ಅಡ್ಡ ಹಿಡಿದಳು.
ಇಲ್ಲವೆಂದು ತಲೆಯಾಡಿಸಿ ಮುಂದೆ ಹೋದೆ.
ಪರಿಮಳ ಮಾತ್ರ ಒಂದಿಷ್ಟು ದೂರ
ಪುಕ್ಕಟೆ ಬಂತು.

ಹಿಂದೆ ಟಪ್ಪೆಂದಿತು ಚಪ್ಪಲಿ.
ಕತ್ತು ಹೊರಳಿಸಿದರೆ
ಅಣ್ಣ ಅವಳನ್ನೇ ನೋಡುತ್ತಿದ್ದಾನೆ,
ಬಲಗಾಲಲ್ಲಿ
ಅಲ್ಲಿಲ್ಲದ ಬ್ರೇಕನ್ನು
ಒತ್ತಿ ಹಿಡಿದು.