ಕಳೆಯಬೇಕಾದ ನೆರಳು

ಮೇಲಿನಿಂದ ತೆಗೆದ ಚಿತ್ರದಲ್ಲಿ
ಅಮ್ಮಾನ್ ಎಂದರೆ ಒಡೆದ ಸಕ್ಕರೆ ಅಚ್ಚು.
ಗುಡ್ಡಗಳ ಮೇಲೆ ಯಾರೋ ಚೆಲ್ಲಿ ಹೋದಂತೆ
ಬಿಳಿ, ಬಿಳಿ, ಬಿಳಿ.
ತಾರಸಿಗೊಂದು ಚೌಕ ಎಳೆದು
ಬಿಸಿಲು ಬೀಳುವುದಕ್ಕೆ ಹಳದಿ, ಬೀಳದ್ದಕ್ಕೆ ನೀಲಿ
ಬಳಿಯುವುದು ನನ್ನ ಕೆಲಸ.

ಮೊದಲು ಇಡೀ ಸೂರ್ಯನನ್ನು ಬರೆದುಕೋ.
ಆಮೇಲೆ ಕಳೆಯುತ್ತ ಹೋಗು:
ವಾರಕ್ಕೊಮ್ಮೆ ತುಂಬುವ ನೀರಿನ ಟ್ಯಾಂಕಿ ಕಳೆ,
ಡಿಶ್ಶು ಕಳೆ,
ಪಕ್ಕದ ಮನೆಯ ಆರನೇ ಮಹಡಿ
ಮೂರು ಗಂಟೆಗೇ ಸುರಿಯುವ ಸಂಜೆ ಕಳೆ,
ಖಮಾಸೀನ್ ಗಾಳಿ ಹಾಸಿಹೋಗುವ ಧೂಳಿಗೆ
ನೂರಕ್ಕೆ ಆರು.
ಉಳಿದದ್ದು ಊರಿನ ಸಾಮರ್ಥ್ಯ.

ನೂರಕ್ಕೊಂದು ಮನೆ ಹತ್ತಿ ನೋಡಬೇಕೆಂದು ನಿಯಮ.
ಹಾಗೆ ಜಬಲ್ ನದೀಫ್‌ನ ಮೆಟ್ಟಿಲು
(ನೂರಾ ನಲವತ್ತರ ತನಕ ಎಣಿಸಿ ಬಿಟ್ಟೆ)
ಹತ್ತಿ ಹೋದದ್ದು ಹಜ್ಜಾ ಫಿದ್ದಾಳ ಮನೆಗೆ.
ಚಿತ್ರದಲ್ಲಿ ಇದು ಅಚ್ಚ ಹಳದಿ.

ತಾರಸಿಯ ನಾಲ್ಕೂ ಮೂಲೆಗೆ ತುಕ್ಕು ಹಿಡಿದ ಕಂಬಿ,
ತುದಿಗೆ ಬೋರಲು ಹಾಕಿದ ಪ್ಲಾಸ್ಟಿಕ್ ಬಾಟಲಿ.
ಏನೆಂದು ಕೇಳಬೇಕಿರಲಿಲ್ಲ.
ನಮ್ಮ ಮನೆಯ ಮೇಲೂ ಇವೆ.

"ಇದು ಮುಂಧಿರನ ಮಹಡಿ" ಎಂದಳು,
ಇಲ್ಲದ ಬಾಗಿಲು ತಳ್ಳಿ ಒಳಗೆ ಕರೆದಂತೆ.
"ಇಲ್ಲಿ ಅಡುಗೆಮನೆ. ಕಿಟಕಿ ಕೋಟೆಗುಡ್ಡದ ಕಡೆಗೆ.
ಹುಡುಗಿ ಸಿಗಲಿ. ಸಿಮೆಂಟಿನ ದರ ಇಳಿಯಲಿ."
ಮುಂಧಿರನಿಗೆ ನಲವತ್ತೊಂದು;
ಜರ್ಕಾ ದಾರಿಯಲ್ಲಿ ಬಸ್ಸು ಓಡಿಸುತ್ತಾನೆ.

ಟೇಪು ಬಿಚ್ಚಿದೆ. ಒಂದು ತುದಿ ಆಕೆಯೇ ಹಿಡಿದಳು.
ನಡುವೆ ಚಾದರದ ಮೇಲೆ ಒಣಗುತ್ತಿದ್ದ ಮುಲೂಖಿಯ್ಯಾ ಸೊಪ್ಪು,
ಬಿಸಿಲಿಗಿಟ್ಟ ಹಾಸಿಗೆ, ಹೋಳು ಮಾಡಿದ ಟೊಮೆಟೊ,
ಮೊಮ್ಮಗಳ ತೊಳೆದ ಶಾಲೆಯ ಬೂಟು.
ನನ್ನ ನಮೂನೆಯಲ್ಲಿ ಅಚ್ಚಾಗಿದೆ: ಬಳಕೆಯಾಗದ ಬಿಸಿಲು.
ಆ ಸಾಲನ್ನು ಓದಿ ಹೇಳಲು ಬಾಯಿ ಬರಲಿಲ್ಲ.

ಆಚೆ ತಾರಸಿಯಿಂದ ಅಬು ಸಖ್ರ್
ಪಾರಿವಾಳ ಹಾರಿಬಿಟ್ಟ. ಅರವತ್ತೋ ಎಪ್ಪತ್ತೋ,
ಒಂದೇ ನೆರಳಾಗಿ ನಮ್ಮ ಮೇಲೆ ಹಾದು,
ತಿರುಗಿ, ಮತ್ತೆ ಹಾದು.
"ಅದನ್ನೂ ಕಳಿ!" ಎಂದು ಕೂಗಿದ,
ಸೀಟಿ ಊದುತ್ತ.

ಚಹಾ ತಂದಿಟ್ಟು ಹಜ್ಜಾ ಕೇಳಿದಳು:
"ಫಲಕ ಹಾಕಿದರೆ ತಿಂಗಳಿಗೆ ಎಷ್ಟು ಉಳಿದೀತು?"
"ಹದಿನೆಂಟು ದಿನಾರು."
ಹೆಬ್ಬೆರಳಿಂದ ಗೆಣ್ಣು ಮುಟ್ಟುತ್ತ ಎಣಿಸಿದಳು,
ಒಂದು ಕೈ ಮುಗಿದು
ಇನ್ನೊಂದು ಕೈಯದೂ ಮುಗಿದು
ನನ್ನ ಕೈಯ ಕಡೆ ನೋಡಿದಳು. ನಕ್ಕಳು.
"ಅಷ್ಟು ಕೂಡಿದ ದಿನ ಗೋಡೆ ಎಬ್ಬಿಸ್ತೀವಿ.
ಆಗ ಈ ಫಲಕ ಎಲ್ಲಿಡೋದು?"

ನಾನು ಲೆಕ್ಕ ಹಾಕುವಷ್ಟರಲ್ಲಿ
ಉತ್ತರ ಆಕೆಯೇ ಕೊಟ್ಟಳು:
"ಮುಂಧಿರನ ತಲೆ ಮೇಲೆ, ಮತ್ತೆಲ್ಲಿ!"

ಇಳಿಯುವಾಗ, ತಿರುವಿನ ತಂಪಿನಲ್ಲಿ ನಿಂತು ಬರೆದೆ:
ಮೂವತ್ತೊಂದು ಚದರ ಮೀಟರು.
ಎತ್ತರ ಎಂಬಲ್ಲಿ, ಇರುವುದಕ್ಕಿಂತ
ಮೂರು ಮೀಟರು ಹೆಚ್ಚು.
ಪೆನ್ಸಿಲಿನಲ್ಲಿ.