ಹೋದ ವರ್ಷದ ಡೈರಿ

ಪತಸಂಸ್ಥೆಯವರು ಕೊಟ್ಟದ್ದು, ಹೋದ ವರ್ಷದ್ದು.
ರೆಕ್ಸಿನ್ನಿನ ಮ್ಯಾಲಿನ ಬಂಗಾರದ ಅಕ್ಷರ ಅರ್ಧ ಉದುರ್ಯಾವ.
ಒಂದು ಪುಟದಾಗ ಹಾಲಿನ ಲೆಕ್ಕ,
ಇನ್ನೊಂದರಾಗ ಸಿಲಿಂಡರಿನ ನಂಬರು,
ಉಳದದ್ದೆಲ್ಲ ಕೋರಾ.

ಇವತ್ತು ಸೋಮವಾರ.
ಡೈರಿ ರವಿವಾರ ಅಂತದ, ಕೆಂಪು ಶಾಯಿಲೆ.
ಇರಲಿ. ನನಗೂ ಎಲ್ಲಾ ಒಂದು ದಿನ ತಡಾನ ತಿಳೀತದ.

ಬರಿಯೂದೇನು ಹೊಸದಲ್ಲ.
ಹನ್ನೊಂದು ವರ್ಷ ಆತು ಅಕ್ಕಲಕೋಟ ಡಿಪೋದಾಗ ಬರೀಲಿಕ್ಕೆ ಹತ್ತಿ:
ಗಾಡಿ ನಂಬರು, ಡ್ರೈವರನ ಬಿಲ್ಲೆ,
ದುಧನಿ ಬಿಟ್ಟ ಹೊತ್ತು, ಮೈಂದರ್ಗಿ ಮುಟ್ಟಿದ ಹೊತ್ತು,
ಪೂರಾ ಎಷ್ಟು, ಹೆಂಗಸರ ಅರ್ಧ ಎಷ್ಟು, ಪಾಸು ಎಷ್ಟು,
ಕೆಳಗ ಸಹಿ, ಮರಾಠಿಯೊಳಗ: ಮಹಾನಂದಾ ಬಿರಾಜದಾರ.
ಆದರ ಇಲ್ಲಿ
"ಇವತ್ತು" ಅಂತ ಬರದು
ಪೆನ್ನು ನಿಂತಬಿಟ್ಟದ,
ನಡು ಹಾದಿಯೊಳಗ ಗಾಡಿ ಕೆಟ್ಟಂಗ.

ಕುಂತು ಬರಿಯಾಕ ಬರೂದಿಲ್ಲ ನನಗ.
ಕಂಬಕ್ಕ ಆತು ನಿಂತು ಬರದ ಕೈ ಇದು.
ಮಗಳು ಮಲಗಿದ ಮ್ಯಾಲ
ಅಡಗಿ ಕಟ್ಟಿಗೆ ಸೊಂಟ ಆನಿಸಿ ಬರೀತೀನಿ.
ನೆಲ ಅಲಗದಿದ್ದರ ಅಕ್ಷರ ಸೊಟ್ಟ ಬರ್ತಾವ.

ಏಳನೇತ್ತದತನಕ ಕನ್ನಡ ಸಾಲಿ. ಆಮ್ಯಾಲ
ಅಂಗಡಿ ಬೋರ್ಡು ಮರಾಠಿ, ಪಗಾರದ ಚೀಟಿ ಮರಾಠಿ,
ಕನಸಿನ್ಯಾಗ ಇನ್ಸ್‌ಪೆಕ್ಟರ ಬೈಯೂದೂ ಮರಾಠಿ.
ಣ-ದ ಹೊಟ್ಟಿ ಯಾವ ಕಡೆ ಅಂತ
ಗೋಡಿ ಮ್ಯಾಲ ಬಟ್ಟಲೆ ತಿದ್ದಿ ನೋಡಿದೆ.
ಒತ್ತಕ್ಷರ ಸೀಟು ಸಿಗಲಾರದ ಮಂದಿಯಂಗ
ಸಾಲಿನ ಕೆಳಗ ಜೋತು ಬಿದ್ದಾವ.

ಕೀಲಿ ಹಾಕೂ ಡೈರಿ ಬಂದಾವಂತ,
ಕ್ಯಾಂಟೀನಿನ ಮೆಹರಾಜ ಹೇಳಿದ್ಲು.
ನನಗ ಕೀಲಿ ಯಾಕ?
ಗಂಡ ಕನ್ನಡ ಮಾತಾಡ್ತಾನ, ಓದೂದಿಲ್ಲ.
ಮಗಳಿಗೆ ಸೆಮಿ ಇಂಗ್ಲಿಷು.
ಈ ಮನಿಯಾಗ ಇದನ್ನ ಓದಾಕಿ ನಾನೊಬ್ಬಾಕಿನ.
ಹಾಂಗ ಅಂದುಕೊಂಡು ಖುಷಿ ಆತು,
ಆಮ್ಯಾಲ ಅಷ್ಟು ಆಗಲಿಲ್ಲ.

ಸೋಮವಾರ ಬರದದ್ದು:
ಇವತ್ತು ಮೂರು ಟ್ರಿಪ್ಪು. ಗಾಡಿ ಭರ್ತಿ.
ಇದು ವೇಬಿಲ್ಲು. ಹೊಡದು ಹಾಕಿದೆ.
ಮಂಗಳವಾರ:
ಇವತ್ತು ಬಿಸಿಲು ಭಾಳ.
ಬಿಸಿಲು ಯಾವತ್ತು ಇಲ್ಲ ಇಲ್ಲಿ? ಖರೇ ಅದ ಅಂತ ಬಿಟ್ಟೆ.
ಬುಧವಾರ ಪೆನ್ನು ಹಿಡದ ನಿದ್ದಿ ಬಂತು,
ಪುಟದ ಮ್ಯಾಲ ಒಂದು ಗೀರು ಉದ್ದಕ ಹೋಗ್ಯದ.

ಇವತ್ತು ಗುರುವಾರ. ಬರೀತೀನಿ.

ಹೋದ ಶುಕ್ರವಾರ ವಾಗದರಿ ಗಾಡ್ಯಾಗ ಒಬ್ಬ ಹುಡುಗ.
ಪಾಸು ಮುಗದು ಎರಡು ದಿನ ಆಗಿತ್ತು.
ರೊಕ್ಕ ಇಲ್ಲ ಅಂದ.
ಮುಂದ ಚೆಕಿಂಗು ಅದ ಅಂತ ಡ್ರೈವರ ಅಂದ.
ಫಾಟಾಕ್ಕ ಇಳಿಸಿದೆ.
ಬೆಲ್ ಹೊಡದೆ, ಎರಡು ಸಲ.

ಚೆಕಿಂಗು ಬರಲಿಲ್ಲ.

ಡಬ್ಬಿ ಸೀಟಿನ ಮ್ಯಾಲ ಉಳದಿತ್ತು.
ಡಿಪೋದ ಬುಕ್ಕಿನ್ಯಾಗ ಬರದೆ: ಸ್ಟೀಲ್ ಡಬ್ಬಿ, ಒಂದು.
ಒಳಗೇನಿತ್ತು ಅಂತ ಬರಿಯಾಕ ಅಲ್ಲಿ ಕಾಲಮ್ಮಿಲ್ಲ.
ಇಲ್ಲಿ ಕಾಲಮ್ಮೇ ಇಲ್ಲ, ಅದಕ ಬರೀಬಹುದು:
ಎರಡು ಕಡಕ ರೊಟ್ಟಿ. ಶೇಂಗಾ ಹಿಂಡಿ.
ಒಂದು ರೊಟ್ಟಿಯ ಅಂಚು ಮುರದಿತ್ತು.
ಹಸಿವಿ ತಡೀಲಾರದ ಗಾಡ್ಯಾಗೇ ತಿನ್ನಾಕ ಸುರು ಮಾಡಿದ್ದ.
ನಾನು "ಪಾಸು" ಅಂದಾಗ ಮುಚ್ಚಿರಬೇಕು.

ಆವತ್ತಿನ ರೊಕ್ಕ ಬರೋಬರಿ ಬಂತು,
ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಲ್ಲ.

ಆವಾಗಿಂದ ಆ ಫಾಟಾ ಬಂದಾಗೊಮ್ಮೆ
ಬಾಗಲಕ್ಕ ಬಂದು ನಿಂದರ್ತೀನಿ.
ಇಬ್ಬರು ಮುದುಕೇರು ಹತ್ತತಾರ, ಒಮ್ಮೊಮ್ಮೆ ಒಂದು ಕುರಿಮರಿ.
ಅವ ಇರೂದಿಲ್ಲ.

ಇಷ್ಟು ಬರದು, ರೂಢಿ ಪ್ರಕಾರ
ಕೆಳಗ ಸಹಿ ಮಾಡಾಕ ಹೋದೆ. ತಡದೆ.
ಯಾವ ಖಿಡಕಿಯೊಳಗ ಒಪ್ಪಿಸಲಿ ಇದನ್ನ?

ಪಾಸಿನ ಮ್ಯಾಲ ಅವನ ಹೆಸರಿತ್ತು.
ಓದೀನಿ, ಈ ಕಣ್ಣಲೇ ಓದೀನಿ,
ತಾರೀಖು ಅಷ್ಟ ನೆನಪದ.
ನಾಳೆ ಎಂಟು ಹತ್ತರ ಗಾಡಿ.
ಒಂದು ಸಾಲು ಖಾಲಿ ಬಿಟ್ಟೀನಿ.