ಎರಡು ಡಬ್ಬಿ

ಮಕ್ತುಂಸಾಬ ಎರಡೂ ಡಬ್ಬಿ ಬಿಚ್ಚಿದ
ಬಾನೆಟ್ಟಿನ ಮ್ಯಾಲೆ, ಬಳಿಗಾರ ಮಲಾರ ಬಿಚ್ಚಿದಂಗ.

"ಇದು ಕಾದಮ್ಯಾಲೆ ಹುಲಿ ನೋಡ್ರಿ.
ತಾರಿಹಾಳದ ಮುಚ್ಚಿದ ಗಿರಣಿ ಅಂಗಳದಾಗ
ಐತವಾರ ಟಾಯರು ಜೋಡಿಸಿ ಸುತ್ತು ಹೊಡೀತೀರಲ್ಲ,
ಅಲ್ಲಿ ಮೂರನೇ ಸುತ್ತಿಗೆ ಕಚ್ಚತೈತಿ, ಬಿಡಂಗಿಲ್ಲ.
ಮುಂಜಾನೆ ರೋಡಿನ್ಯಾಗ ಮಾತ್ರ ನಿದ್ದಿಗಣ್ಣು."

ಇನ್ನೊಂದು?
"ತಣ್ಣಗಿದ್ದಾಗೂ ಹೇಳಿದ ಮಾತು ಕೇಳತೈತಿ.
ಕಾದರ, ಪೆಡಲು ಬೆಣ್ಣಿ."

ಎರಡಕ್ಕೂ ಆಗೂವಂಥಾದ್ದು ಒಂದು ಕೊಡಪಾ, ಅಂದೆ.
ಕಿವಿ ಹಿಂದಿನ ಬೀಡಿ ತಗದ, ಹಚ್ಚಲಿಲ್ಲ.
"ಮಾರಾವ್ರು ಅದಾರ, ಅಕ್ಕಾರ. ನಾ ಅಲ್ಲ."

ಎರಡೂ ತಂದೆ.
ಶನಿವಾರ ರಾತ್ರಿ ಅದು, ಐತವಾರ ರಾತ್ರಿ ಇದು,
ಜಾಕು, ಪಾನಾ, ಉಗುರಿನ್ಯಾಗ ಕರೇ ಪುಡಿ,
ಎಷ್ಟು ತಿಕ್ಕಿದರೂ ಹೋಗದ್ದು.

ಒಂದ ವಾರ ದಣದಿದ್ದೆ. ನಾಳೆ ಬದಲಿಸಿದರಾತು.

ಸೋಮವಾರ ಉಣಕಲ್ಲಿನ ಇಳುಕಲಿನ್ಯಾಗ
ಹಾಲಿನ ಸೈಕಲ್ಲು.
ಎರಡೂ ಕಾಲು ಪೆಡಲಿನ ಮ್ಯಾಲೆ ನನ್ನವು,
ಗಾಡಿ ಇನ್ನೂ ವಿಚಾರ ಮಾಡಾಕತ್ತಿತ್ತು.

ನಿಂತಿತು.
ಹಾಲಿನವ ಬೈಲಿಲ್ಲ. ಬಗ್ಗಿ,
ಬಂಪರಿಗೂ ಗಾಲಿಗೂ ನಡುವ ಬಟ್ಟು ಇಟ್ಟು,
ಮಕ್ತುಂಸಾಬ ಪ್ಯಾಡಿನ ದಪ್ಪ ನೋಡೂವಂಗ,
ಎರಡ ಬಟ್ಟು
ಮ್ಯಾಲೆತ್ತಿ ತೋರಿಸಿದ.